ಟೆಕ್ ಕ್ಷೇತ್ರದ ಮೊದಲ ಕೆಲಸ: ತಯಾರಿ ಎಲ್ಲಿಂದ ಶುರು?

‘ಐಟಿಯಲ್ಲಿ ಯಾವ ಕೆಲಸವಾದರೂ ಸರಿ’ ಎಂದು ಹುಡುಕಲು ಹೊರಟವರು ಹೆಚ್ಚು ಅಲೆಯಬೇಕಾಗುತ್ತದೆ. ಅರ್ಜಿ ನೋಡುವವರ ಮುಂದಿರುವುದು ಒಂದು ನಿರ್ದಿಷ್ಟ ಹುದ್ದೆ. ಆ ಹುದ್ದೆಯ ಕೆಲಸ ಇವರಿಂದ ಆಗುತ್ತದೆಯೇ ಎಂಬುದಷ್ಟೇ ಅವರಿಗೆ ಬೇಕು. ಹಾಗಾಗಿ ಮೊದಲು ಹುದ್ದೆಯನ್ನು ನಿರ್ಧರಿಸಿ. ಉಳಿದ ತಯಾರಿಗೆ ಆಮೇಲೆ ದಾರಿ ಸಿಗುತ್ತದೆ.

ಕೋಡಿಂಗ್ ಬರದಿದ್ದರೆ ಈ ಕ್ಷೇತ್ರವೇ ಇಲ್ಲ ಎಂದುಕೊಳ್ಳಬೇಡಿ. ಹೆಲ್ಪ್‌ಡೆಸ್ಕ್ (ಬಳಕೆದಾರರ ತಾಂತ್ರಿಕ ತೊಂದರೆ ಬಗೆಹರಿಸುವ ಕೆಲಸ), ಸಾಫ್ಟ್‌ವೇರ್ ಟೆಸ್ಟಿಂಗ್, ಡೇಟಾ ಅನಾಲಿಸಿಸ್, ನೆಟ್‌ವರ್ಕ್ ನಿರ್ವಹಣೆ ಎಲ್ಲದರಲ್ಲೂ ಹೊಸಬರಿಗೆ ಜಾಗವಿದೆ. ಇಷ್ಟವಾದ ಹುದ್ದೆಯ ಹತ್ತಿಪ್ಪತ್ತು ಜಾಹೀರಾತುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ, ಮತ್ತೆ ಮತ್ತೆ ಬರುವ ಕೌಶಲಗಳನ್ನು ಗುರುತು ಹಾಕಿ. ಡೇಟಾ ಹುದ್ದೆಗಳಲ್ಲಿ ಎಕ್ಸೆಲ್ ಮತ್ತು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ವೆಬ್ ಹುದ್ದೆಗಳಲ್ಲಿ ಜಾವಾಸ್ಕ್ರಿಪ್ಟ್ ಮತ್ತು ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಆ ಪಟ್ಟಿಯೇ ನಿಮ್ಮ ಪಠ್ಯಕ್ರಮ. ‘ಒಂದೆರಡು ವರ್ಷದ ಅನುಭವ ಬೇಕು’ ಎಂದಿದ್ದರೂ ಕೇಳಿದ ಕೌಶಲಗಳಲ್ಲಿ ಬಹುಪಾಲು ನಿಮಗೆ ಬರುತ್ತಿದ್ದರೆ ಅರ್ಜಿ ಹಾಕಿ.

ಕಲಿಯಲು ಹಣ ಸುರಿಯಬೇಕಾಗಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಕೋರ್ಸ್, ಫ್ರೀಕೋಡ್‌ಕ್ಯಾಂಪ್‌ನ ಪಾಠಗಳು ಉಚಿತವಾಗಿಯೇ ಸಿಗುತ್ತವೆ. ಪ್ರಮಾಣಪತ್ರದ ಬೆಲೆ ಹುದ್ದೆಯಿಂದ ಹುದ್ದೆಗೆ ಬೇರೆ. ಹೆಲ್ಪ್‌ಡೆಸ್ಕ್‌ಗೆ ಕಾಂಪ್‌ಟಿಯಾ ಎ ಪ್ಲಸ್, ನೆಟ್‌ವರ್ಕಿಂಗ್‌ಗೆ ಸಿಸ್ಕೊದ ಸಿಸಿಎನ್‌ಎ ಉಪಯೋಗಕ್ಕೆ ಬರುತ್ತವೆ. ಡೆವಲಪರ್ ಆಗುವವರು ಮಾತ್ರ ಪ್ರಮಾಣಪತ್ರ ಕೂಡಿಡುವ ಬದಲು ಒಂದು ಪ್ರಾಜೆಕ್ಟ್ ಪೂರ್ತಿ ಮಾಡಲಿ.

ಕೆಲಸ ಮಾಡಿ ತೋರಿಸಿ

ನನ್ನ ಪ್ರಕಾರ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಪಾಠದ ವಿಡಿಯೊ ನೋಡಿ ಮಾಡಿದ ಅದೇ ಟು-ಡು ಲಿಸ್ಟ್ ಎಲ್ಲರ ಹತ್ತಿರವೂ ಇರುತ್ತದೆ. ಯಾರಿಗೋ ನಿಜವಾಗಿ ಬೇಕಿರುವ ಸಣ್ಣದೊಂದನ್ನು ಮಾಡಿ. ಉದಾಹರಣೆಗೆ, ಸಣ್ಣ ಗ್ರಂಥಾಲಯಕ್ಕೆ ಯಾವ ಪುಸ್ತಕ ಯಾರ ಬಳಿ ಇದೆ, ಯಾವಾಗ ವಾಪಸ್ ಬರಬೇಕು ಎಂದು ತೋರಿಸುವ ಒಂದು ಪುಟ ಸಾಕು. ಅದನ್ನು ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹಾಕಿ. ರೀಡ್‌ಮಿ ಕಡತದಲ್ಲಿ ಇದು ಏನು ಮಾಡುತ್ತದೆ, ಹೇಗೆ ಚಾಲೂ ಮಾಡಬೇಕು, ಏನು ಇನ್ನೂ ಬಾಕಿ ಇದೆ ಎಂದು ಬರೆಯಿರಿ. ಸ್ಥಿರ ಪುಟವಾಗಿದ್ದರೆ (ಸರ್ವರ್‌ನಲ್ಲಿ ಪ್ರೋಗ್ರಾಂ ಓಡಬೇಕಿಲ್ಲದ ಪುಟ) ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಪ್ರಕಟಿಸಬಹುದು. ಲಿಂಕ್ ಒತ್ತಿದ ಕೂಡಲೇ ಕೆಲಸ ಕಾಣಬೇಕು. ಒಂದು ಎಚ್ಚರ: ಪಾಸ್‌ವರ್ಡ್ ಅಥವಾ ಎಪಿಐ ಕೀ (ಬೇರೊಂದು ಆನ್‌ಲೈನ್ ಸೇವೆ ಬಳಸಲು ಕೊಡುವ ಗುಪ್ತ ಸಂಕೇತ) ಕೋಡ್ ಜೊತೆ ಸೇರಿಹೋದರೆ, ಆಮೇಲೆ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಆ ಕೀಯನ್ನು ರದ್ದುಮಾಡಿ ಹೊಸದು ಪಡೆಯಲೇಬೇಕು.

ಟೆಸ್ಟಿಂಗ್ ಕಡೆ ಹೋಗುವವರು ದೋಷ ವರದಿಗಳನ್ನು ಬರೆದು ತೋರಿಸಬಹುದು. ‘ಫಾರ್ಮ್ ಕೆಲಸ ಮಾಡುತ್ತಿಲ್ಲ’ ಎಂದರೆ ಡೆವಲಪರ್‌ಗೆ ಏನೂ ತಿಳಿಯುವುದಿಲ್ಲ. ‘ಫೋನ್ ಸಂಖ್ಯೆಯ ಜಾಗ ಖಾಲಿ ಬಿಟ್ಟು ಸಲ್ಲಿಸಿ ಒತ್ತಿದೆ, ಎಚ್ಚರಿಕೆ ಸಂದೇಶ ಬರಬೇಕಿತ್ತು, ಪುಟ ಪೂರ್ತಿ ಖಾಲಿಯಾಯಿತು, ಫೈರ್‌ಫಾಕ್ಸ್‌ನಲ್ಲಿ ಪ್ರತಿ ಸಲವೂ ಹೀಗೇ, ಕ್ರೋಮ್‌ನಲ್ಲಿ ಇಲ್ಲ’ ಎಂದು ಬರೆದರೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ. ಹೀಗೆ ಬರೆಯಬಲ್ಲವರು ತಂಡಕ್ಕೆ ಮೊದಲ ದಿನದಿಂದಲೇ ನೆರವಾಗುತ್ತಾರೆ.

ಅರ್ಜಿ ಮತ್ತು ಸಂದರ್ಶನ

ರೆಸ್ಯುಮೆ ಒಂದೇ ಪುಟದಲ್ಲಿರಲಿ. ಅರ್ಜಿ ಜಾಲಾಡುವ ಸಾಫ್ಟ್‌ವೇರ್‌ಗಳು ಎರಡು ಕಾಲಂ, ಚಿತ್ರ, ಟೇಬಲ್‌ಗಳನ್ನು ತಪ್ಪಾಗಿ ಓದುವುದುಂಟು. ಸರಳ ವಿನ್ಯಾಸವೇ ಕ್ಷೇಮ. ಅಂಗಡಿಯಲ್ಲಿ ದುಡಿದಿದ್ದರೆ, ಪಾಠ ಹೇಳಿದ್ದರೆ ಅದನ್ನೂ ಸೇರಿಸಿ. ಗ್ರಾಹಕರ ಸಿಟ್ಟನ್ನು ತಾಳ್ಮೆಯಿಂದ ನಿಭಾಯಿಸಿದವರಿಗೆ ಹೆಲ್ಪ್‌ಡೆಸ್ಕ್‌ನಲ್ಲಿ ಒಳ್ಳೆಯ ಬೆಲೆಯಿದೆ.

ಪರಿಚಿತರ ಮೂಲಕ ಹೋಗಲು ಸಂಕೋಚ ಬೇಡ. ಆದರೆ ‘ಕೆಲಸ ಕೊಡಿಸಿ ಸರ್’ ಎಂಬ ಸಂದೇಶಕ್ಕೆ ಉತ್ತರ ಬರುವುದು ಕಷ್ಟ. ‘ನೀವು ಮಾಡುತ್ತಿರುವ ಹುದ್ದೆಗೇ ತಯಾರಾಗುತ್ತಿದ್ದೇನೆ, ನನ್ನ ಪ್ರಾಜೆಕ್ಟ್ ಇಲ್ಲಿದೆ, ಏನು ಕೊರತೆ ಕಾಣುತ್ತದೆ?’ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ.

ಸಂದರ್ಶನದಲ್ಲಿ ಯೋಚನೆಯನ್ನು ಬಾಯಿಬಿಟ್ಟು ಹೇಳಿ. ಪಟ್ಟಿಯಲ್ಲಿ ಒಂದೇ ಸಂಖ್ಯೆ ಎರಡು ಸಲ ಬಂದಿದೆಯೇ ಎಂದು ಪತ್ತೆ ಮಾಡಲು ಹೇಳಿದರು ಎನ್ನಿ. ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಹೋಲಿಸಿದರೆ 10,000 ಸಂಖ್ಯೆಗಳಿಗೆ ಸುಮಾರು 5 ಕೋಟಿ ಹೋಲಿಕೆಗಳಾಗಬಹುದು. ನೋಡಿದ ಸಂಖ್ಯೆಗಳನ್ನು ಒಂದು ಸೆಟ್‌ನಲ್ಲಿ (ಒಂದು ಸಂಖ್ಯೆ ಈಗಾಗಲೇ ಇದೆಯೇ ಎಂದು ತಟ್ಟನೆ ಹೇಳುವ ಸಂಗ್ರಹ) ಇಡುತ್ತಾ ಹೋದರೆ ಒಂದೇ ಸುತ್ತು ಸಾಕು, ಆದರೆ ಮೆಮೊರಿ ಹೆಚ್ಚು ಬೇಕು. ಮೊದಲ ದಾರಿಯನ್ನೇ ಹೇಳಿ, ಅದರ ದೋಷವನ್ನು ನೀವೇ ತೋರಿಸಿ ಎರಡನೆಯದಕ್ಕೆ ಬಂದರೂ ಅದು ಒಳ್ಳೆಯ ಉತ್ತರವೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಹೇಗೆ ಹುಡುಕುತ್ತೀರೆಂದು ವಿವರಿಸಿ.

ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದುಬನ್ನಿ. ನಿಜವಾದ ಆಫರ್ ಕೈಗೆ ಬಂದಾಗ ಸಂಬಳದ ಜೊತೆ ಇನ್ನೊಂದನ್ನೂ ಕೇಳಿ: ‘ಮೊದಲ ಆರು ತಿಂಗಳು ನನ್ನ ಕೆಲಸವನ್ನು ಪರಿಶೀಲಿಸಿ ತಿದ್ದುವವರು ಯಾರು?’ ಇದಕ್ಕೆ ಸ್ಪಷ್ಟ ಉತ್ತರ ಕೊಡುವ ತಂಡ ಸಿಕ್ಕರೆ, ಸಂಬಳ ತುಸು ಕಡಿಮೆಯಿದ್ದರೂ ನಾನು ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.