ಬಸುರಿಯ ಮೊದಲ ತಿಂಗಳುಗಳಲ್ಲಿ ಬಿಪಿ ಲೋ: ಬೀಳದಂತೆ ದಿನ ಕಳೆಯುವುದು ಹೇಗೆ?

ಬಸುರಿ ಎಂದು ಗೊತ್ತಾದ ಸ್ವಲ್ಪ ದಿನಕ್ಕೇ ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಒಲೆ ಮುಂದೆ ನಿಂತರೆ ತಲೆ ಸುತ್ತುತ್ತದೆ. ಆರೋಗ್ಯ ಕೇಂದ್ರಕ್ಕೆ ಹೋದರೆ ತಾಯಿ ಕಾರ್ಡಿನಲ್ಲಿ 90/60 ಎಂದು ಬರೆದುಕೊಡುತ್ತಾರೆ. ಅಲ್ಲಿಂದ ಮನೆಯವರಿಗೆಲ್ಲ ಗಾಬರಿ ಶುರು. ಅಷ್ಟು ಗಾಬರಿ ಬೇಡ, ಹಾಗಂತ ಸಸಾರವೂ ಮಾಡಬೇಡಿ.

ಗರ್ಭ ನಿಂತ ಮೇಲೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಜಾಸ್ತಿಯಾಗಿ ರಕ್ತನಾಳಗಳು ಸಡಿಲವಾಗುತ್ತವೆ. ಹಾಗಾಗಿ ಬಿಪಿಯ ಮೇಲಿನ ಅಂಕಿ 5ರಿಂದ 10, ಕೆಳಗಿನ ಅಂಕಿ 10ರಿಂದ 15ರವರೆಗೂ ಇಳಿಯುವುದುಂಟು. ಐದಾರು ತಿಂಗಳ ಹೊತ್ತಿಗೆ ತೀರ ಕೆಳಗಿದ್ದು, ಕೊನೆಯ ತಿಂಗಳುಗಳಲ್ಲಿ ತಾನಾಗಿ ಮೇಲೇರುತ್ತದೆ. ಮಾತ್ರೆ ಬೇಕಾಗುವುದು ಅಪರೂಪ, ಮಗುವಿಗೂ ಸಾಮಾನ್ಯವಾಗಿ ತೊಂದರೆ ಇಲ್ಲ. ನನಗೆ ಚಿಂತೆ ಇರುವುದು ಬೀಳುವುದರ ಬಗ್ಗೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಗಳಲ್ಲಿ ಬಾವಿಕಟ್ಟೆ, ಮಳೆಗಾಲದಲ್ಲಿ ಪಾಚಿ ಕಟ್ಟುವ ಅಂಗಳ, ಕಲ್ಲು ಹಾಸಿದ ಬಚ್ಚಲು, ಎಲ್ಲವೂ ಜಾರುವ ಜಾಗಗಳೇ ಅಲ್ವಾ?

ಏಳುವಾಗ

ಎಚ್ಚರವಾದ ಕೂಡಲೇ ಎದ್ದು ನಿಲ್ಲಬೇಡಿ. ಮೊದಲು ಪಕ್ಕಕ್ಕೆ ಹೊರಳಿ, ಕೈ ಊರಿ ಎದ್ದು ಕೂತುಕೊಳ್ಳಿ. ಕಾಲು ಕೆಳಗೆ ಬಿಟ್ಟು ಒಂದೆರಡು ನಿಮಿಷ ಪಾದ ಮೇಲೆ ಕೆಳಗೆ ಆಡಿಸಿ, ಕಾಲಿನಲ್ಲಿ ನಿಂತ ರಕ್ತ ಮೇಲೆ ಹತ್ತಲಿ. ಆಮೇಲೆ ಗೋಡೆ ಹಿಡಿದು ನಿಂತು, ತಲೆ ಸರಿ ಇದೆ ಅನಿಸಿದ ಮೇಲೆ ಹೆಜ್ಜೆ ಇಡಿ.

ಹಗಲಿಗೂ ಇದೇ ಕ್ರಮ. ಶಿರಸಿ ಕಡೆ ಮೆಟ್ಟುಗತ್ತಿ ಮುಂದೆ ಕೂತು ತಾಸುಗಟ್ಟಲೆ ಅಡಕೆ ಸುಲಿಯುವವರು, ಕಾರವಾರ, ಅಂಕೋಲಾದಲ್ಲಿ ಮೀನು ಬುಟ್ಟಿ ಮುಂದಿಟ್ಟು ಕೂರುವವರು ಒಮ್ಮೆಲೇ ಎದ್ದರೆ ಕಣ್ಣು ಕತ್ತಲೆ ಬಂದೇ ಬರುತ್ತದೆ. ನಡುನಡುವೆ ಕಾಲು ಚಾಚಿ, ಏಳುವ ಮೊದಲು ತೊಡೆ ಬಿಗಿ ಹಿಡಿದು ಬಿಡಿ. ಬಾವಿಯಿಂದ ನೀರು ಸೇದುವ ಕೆಲಸ ಮಾತ್ರ ಈಗ ಬೇರೆಯವರಿಗೆ ಬಿಡಿ. ಇದನ್ನು ಹೇಳಲು ಸಂಕೋಚ ಪಡಬೇಡಿ. ಅತ್ತೆಯವರೂ ಗಂಡನೂ ಕೇಳಿಸಿಕೊಳ್ಳಬೇಕಾದ ಮಾತಿದು.

ಬಚ್ಚಲಲ್ಲಿ

ಜನ ಅಷ್ಟಾಗಿ ಯೋಚನೆ ಮಾಡದ ಜಾಗ ಇದೇ. ಹಂಡೆ ಒಲೆಗೆ ಉರಿ ಹಾಕಿ, ಬಾಗಿಲು ಮುಚ್ಚಿ, ಹಬೆ ತುಂಬಿದ ಬಚ್ಚಲಲ್ಲಿ ಸುಡುಸುಡು ನೀರು ಹೊಯ್ದುಕೊಳ್ಳುವುದು ನಮಗೆಲ್ಲ ರೂಢಿ. ಬಿಸಿನೀರು ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮೊದಲೇ ಇಳಿದ ಬಿಪಿ ಇನ್ನೂ ಇಳಿಯುತ್ತದೆ. ಮಿಂದು ಎದ್ದು ನಿಂತ ಗಳಿಗೆಯಲ್ಲೇ ತಲೆ ತಿರುಗುವುದು ಇದಕ್ಕೇ.

ನೀರು ಉಗುರು ಬೆಚ್ಚಗಿರಲಿ. ಮಣೆಯೋ ಪ್ಲಾಸ್ಟಿಕ್ ಸ್ಟೂಲೋ ಇಟ್ಟು ಕೂತೇ ಸ್ನಾನ ಮಾಡಿ, ಹಬೆ ಹೊರಗೆ ಹೋಗಲು ಕಿಟಕಿ ತೆರೆದಿಡಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಏನಾದರೂ ಎರಡು ತುತ್ತು ತಿಂದು ಹೋಗಿ. ಬೇಗ ಮುಗಿಸಿ, ಕೂತಲ್ಲೇ ಮೈ ಒರೆಸಿಕೊಂಡು, ಸ್ವಲ್ಪ ಹೊತ್ತು ಸುಮ್ನೆ ಕೂತು ಆಮೇಲೆ ಏಳಿ. ಒಳಗಿನಿಂದ ಚಿಲಕ ಹಾಕಲೇಬೇಡಿ. ಬಾಗಿಲು ಮುಂದೆ ಮಾಡಿ, ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ ಸಾಕು.

ಹೊಟ್ಟೆಗೆ ಏನು?

ಓಕರಿಕೆ, ವಾಂತಿಯಿಂದ ನೀರು ಹೊರಗೆ ಹೋಗುತ್ತಿರುತ್ತದೆ. ಮಾರ್ಚಿನಿಂದ ಮೇವರೆಗೆ ಕರಾವಳಿಯ ಬೆವರು ಬೇರೆ. ಮಳೆಗಾಲದಲ್ಲಿ ಬಾಯಾರಿಕೆಯೇ ಆಗದೆ ಕುಡಿಯುವುದು ಮರೆತೇ ಹೋಗುತ್ತದೆ. ದಿನಕ್ಕೆ 8ರಿಂದ 10 ಲೋಟದಷ್ಟು ಹೋಗಬೇಕು, ಒಮ್ಮೆಲೇ ಅಲ್ಲ, ಗುಟುಕು ಗುಟುಕಾಗಿ. ತೆಳು ಮಜ್ಜಿಗೆ, ಎಳನೀರು, ಕುಚ್ಚಲಕ್ಕಿ ಗಂಜಿಯ ತಿಳಿ, ಅಪ್ಪೆಹುಳಿ, ಮುರುಗಲ ಪಾನಕ, ಯಾವುದು ವಾಂತಿಯಾಗದೆ ನಿಲ್ಲುತ್ತದೋ ಅದು. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗುತ್ತಿದೆ ಎಂದು ತಿಳಿಯಿರಿ.

ಒಂದೇ ಸಲ ಹೊಟ್ಟೆ ಬಿರಿಯ ಉಂಡರೆ ರಕ್ತ ಜೀರ್ಣಕ್ಕೆಂದು ಹೊಟ್ಟೆಯ ಕಡೆ ಹೋಗಿ ತಲೆ ಹಗುರಾಗುತ್ತದೆ. ಎರಡು ತೆಳ್ಳೇವು ಈಗ, ಮುಷ್ಟಿ ಅವಲಕ್ಕಿ ಸ್ವಲ್ಪ ಹೊತ್ತು ಬಿಟ್ಟು, ಹೀಗೆ ತಿನ್ನಿ. ಬಿಪಿ ಲೋ ಅಂದಕೂಡಲೇ ಉಪ್ಪು ಕದಡಿದ ನೀರು ಕುಡಿಸುವವರಿದ್ದಾರೆ, ಅದು ಬೇಡ. ಊಟಕ್ಕೆ ಎಂದಿನಷ್ಟು ಉಪ್ಪು ಸಾಕು, ಹೆಚ್ಚು ಬೇಕೋ ಎನ್ನುವುದನ್ನು ಡಾಕ್ಟರ್ ಹೇಳಲಿ. ಕೇಳದೆ ನಾಟಿ ಕಷಾಯವನ್ನೂ ಕುಡಿಯಬೇಡಿ.

ಬಸ್ಸು, ಜಾತ್ರೆ, ಸಾಲು

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ತಿರುವುಗಳು ಗಟ್ಟಿಮುಟ್ಟಾದವರಿಗೇ ಹೊಟ್ಟೆ ತೊಳಸುತ್ತವೆ. ಮುಂದಿನ ಸೀಟು, ತೆರೆದ ಕಿಟಕಿ, ಕೈಯಲ್ಲಿ ನೀರಿನ ಬಾಟಲಿ ಇರಲಿ. ನಿಂತು ಹೋಗುವ ಬಸ್ಸಾದರೆ ಮುಂದಿನದಕ್ಕೆ ಕಾಯಿರಿ. ಮಾರಿಕಾಂಬಾ ಜಾತ್ರೆಯ ಸಾಲಿನಲ್ಲೋ ಮದುವೆ ಮನೆಯಲ್ಲೋ ತುಂಬ ಹೊತ್ತು ನಿಲ್ಲಬೇಕಾಗಿ ಬಂದರೆ, ಕಾಲು ಕತ್ತರಿ ಹಾಕಿ ತೊಡೆ ಬಿಗಿಮಾಡಿ, ಮುಷ್ಟಿ ಗಟ್ಟಿಯಾಗಿ ಹಿಡಿದು ಬಿಡಿ. ಬಿಪಿ ಸ್ವಲ್ಪ ಏರುತ್ತದೆ, ಕೂರುವ ಜಾಗ ಹುಡುಕುವಷ್ಟು ಸಮಯ ಸಿಗುತ್ತದೆ.

ಕಿವಿ ಗುಂಯ್ ಅಂದು, ತಣ್ಣಗೆ ಬೆವರಿದರೆ ತಡ ಮಾಡಬೇಡಿ, ಇದ್ದಲ್ಲೇ ಕೂತುಬಿಡಿ. ಸಾಧ್ಯವಾದರೆ ಎಡಕ್ಕೆ ಹೊರಳಿ ಮಲಗಿ, ಕಾಲ ಕೆಳಗೆ ದಿಂಬು ಇಡಿಸಿಕೊಳ್ಳಿ. ಜನ ಸುತ್ತ ಗುಂಪುಗೂಡದೆ ಗಾಳಿ ಬಿಡಲಿ. ಪೂರ್ತಿ ಎಚ್ಚರ ಬರುವ ಮೊದಲು ಬಾಯಿಗೆ ನೀರು ಹಾಕಬಾರದು.

ಮನೆಯಲ್ಲಿ ಬಿಪಿ ನೋಡುವವರು

5 ನಿಮಿಷ ಬೆನ್ನು ಆನಿಸಿ ಕೂತು, ಪಾದ ನೆಲಕ್ಕಿಟ್ಟು, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಟ್ಟು ನೋಡಿ. ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿ ತೋಳಿಗೇ ಕಟ್ಟಬೇಕು. ಮಾತು ಬೇಡ. ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡೂ ಅಂಕಿ ಬರೆದಿಡಿ. ದಿನವಿಡೀ ಅಳೆಯುತ್ತ ಕೂರುವುದರಿಂದ ಚಿಂತೆಯೇ ಜಾಸ್ತಿ.

ಎಲ್ಲ ತಲೆಸುತ್ತೂ ಬಿಪಿಯದ್ದಲ್ಲ

ರಕ್ತ ಕಡಿಮೆ ಇದ್ದರೂ ಹೀಗೇ ಆಗುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಬಸುರಿಯಲ್ಲಿ ಅದು ರಕ್ತಹೀನತೆ, ಹಾಗಾಗಿ ಮೊದಲ ತಪಾಸಣೆಯಲ್ಲೇ ನೋಡಿಸಿ. ಮೊದಲ ಮೂರು ತಿಂಗಳು ಫೋಲಿಕ್ ಆ್ಯಸಿಡ್, ಆಮೇಲೆ ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ. ಕಬ್ಬಿಣದ ಮಾತ್ರೆ ಚಹಾ, ಕಾಫಿ ಜೊತೆ ಬೇಡ. ಬಸುರಿಗೆ ಮೊದಲೇ ಬಿಪಿ ಹೆಚ್ಚೆಂದು ಮಾತ್ರೆ ನುಂಗುತ್ತಿದ್ದವರು ತಡ ಮಾಡದೆ ಡಾಕ್ಟರಿಗೆ ತೋರಿಸಿ, ಅವುಗಳಲ್ಲಿ ಕೆಲವು ಬಸುರಿಯಲ್ಲಿ ನಡೆಯುವುದಿಲ್ಲ.

ಇನ್ನು ಇದನ್ನು ಮನೆಯವರೆಲ್ಲ ಓದಿ. ಎರಡು, ಮೂರನೇ ತಿಂಗಳಲ್ಲಿ ಕಿಬ್ಬೊಟ್ಟೆಯ ಒಂದೇ ಬದಿ ಜೋರು ನೋವು, ಹೆಗಲ ತುದಿಯಲ್ಲಿ ನೋವು, ರಕ್ತಸ್ರಾವ, ಜೊತೆಗೆ ತಲೆ ತಿರುಗಿ ಬೀಳುವುದು ಕಂಡರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಬೆಳೆದು ನಾಳ ಒಡೆದಿರಬಹುದು. ಹೊಟ್ಟೆಯೊಳಗೇ ರಕ್ತ ಸೋರುತ್ತಿದ್ದರೆ ಹೊರಗೆ ಏನೂ ಕಾಣದೆಯೂ ಇರಬಹುದು. ಆಗ ಮಜ್ಜಿಗೆ, ವಿಶ್ರಾಂತಿ ಎನ್ನುತ್ತ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಗುಟುಕು ನೀರೂ ನಿಲ್ಲದಷ್ಟು ವಾಂತಿ, 8 ತಾಸಾದರೂ ಮೂತ್ರವಿಲ್ಲ, ಎದೆನೋವು, ಉಸಿರುಕಟ್ಟು, ಮತ್ತೆ ಮತ್ತೆ ಪ್ರಜ್ಞೆ ತಪ್ಪುವುದು, ಇವಕ್ಕೂ ಆಸ್ಪತ್ರೆಯೇ. ಘಟ್ಟದ ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದ ಜಾಗ ಎಷ್ಟೋ ಇವೆ, ಹಾಗಾಗಿ ಯಾರ ಮನೆಯ ಗಾಡಿ ರಾತ್ರಿ ಹೊರಡಬಹುದು ಎಂದು ಈಗಲೇ ಮಾತಾಡಿಟ್ಟಿರಿ. ಆಸ್ಪತ್ರೆಯಲ್ಲಿ ಕೊನೆಯ ಸಲ ಮುಟ್ಟಾದ ತಾರೀಕು ಮೊದಲು ಹೇಳಿ, ತಾಯಿ ಕಾರ್ಡ್ ಕೈಗೆ ಕೊಡಿ.