ಆರಿದ ದೀಪವನ್ನು ನಂಬುವ ಮುನ್ನ

1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಒತ್ತಡ ತಗ್ಗಿಸುವ ಕವಾಟವೊಂದು ತೆರೆದುಕೊಂಡು, ಮತ್ತೆ ಮುಚ್ಚಿಕೊಳ್ಳದೆ ಹಾಗೆಯೇ ಸಿಕ್ಕಿಹಾಕಿಕೊಂಡಿತು. ನಿಯಂತ್ರಣ ಕೊಠಡಿಯ ಫಲಕದಲ್ಲಿ ಅದರ ದೀಪ ಆರಿದ್ದರಿಂದ ಕವಾಟ ಮುಚ್ಚಿದೆಯೆಂದೇ ಸಿಬ್ಬಂದಿ ತಿಳಿದರು. ವಾಸ್ತವವಾಗಿ ಆ ದೀಪ ಕವಾಟದ ಸ್ಥಿತಿಯನ್ನು ತೋರಿಸುತ್ತಲೇ ಇರಲಿಲ್ಲ. ಮುಚ್ಚುವಂತೆ ಸಂಕೇತ ಹೋಗಿದೆ ಎಂಬುದನ್ನಷ್ಟೇ ತಿಳಿಸುತ್ತಿತ್ತು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಸೋರಿಹೋಗಿ, ರಿಯಾಕ್ಟರಿನ ಇಂಧನ ಭಾಗಶಃ ಕರಗಿತು.

ಸಾಫ್ಟ್‌ವೇರ್ ವ್ಯವಸ್ಥೆಗಳನ್ನು ನೋಡಿಕೊಳ್ಳುವವರು ತಮ್ಮ ಪರಿಶೀಲನೆಯನ್ನು ಇಲ್ಲಿಂದಲೇ ಆರಂಭಿಸಬೇಕು. ವ್ಯವಸ್ಥೆಯ ಸ್ಥಿತಿಗತಿ ತೋರಿಸುವ ಪರದೆಯಾದ ಡ್ಯಾಶ್‌ಬೋರ್ಡ್‌ನ ಒಂದೊಂದೇ ಸೂಚಕವನ್ನು ಆರಿಸಿಕೊಂಡು, ಅದು ನಿಜಕ್ಕೂ ಏನನ್ನು ಅಳೆಯುತ್ತಿದೆ ಎಂಬುದನ್ನು ಕೋಡಿನವರೆಗೂ ಹೋಗಿ ನೋಡಿ. ‘ಬ್ಯಾಕಪ್ ಯಶಸ್ವಿ’ ಎಂಬ ಹಸಿರು ಸಾಲು, ದಾಖಲೆಗಳ ಮೀಸಲು ಪ್ರತಿ ಮಾಡುವ ಬ್ಯಾಕಪ್ ಪ್ರೋಗ್ರಾಂ ತಕರಾರಿಲ್ಲದೆ ಮುಗಿಯಿತೆಂದು ಮಾತ್ರ ಹೇಳುತ್ತಿದ್ದರೆ, ಕಡತ ಖಾಲಿಯಿದ್ದರೂ ಅದು ಹಸಿರಾಗಿಯೇ ಇರುತ್ತದೆ. ಆ ಕಡತದಿಂದ ಬೇರೊಂದು ಸರ್ವರ್‌ನಲ್ಲಿ ಡೇಟಾಬೇಸನ್ನು ಮರಳಿ ಕಟ್ಟಿ, ಹಿಂದಿನ ದಿನದ ದಾಖಲೆಗಳು ಅಷ್ಟೂ ಇವೆಯೇ ಎಂದು ಎಣಿಸಿ, ಆ ಎಣಿಕೆಯ ಫಲಿತಾಂಶವನ್ನು ಸೂಚಕಕ್ಕೆ ಜೋಡಿಸಿ.

ಎರಡನೆಯ ಹಂತ, ರಕ್ಷಣಾ ವ್ಯವಸ್ಥೆಗಳ ಪಟ್ಟಿ. ಸಾವಿರಾರು ಜನರ ಜೀವ ತೆಗೆದ ಭೋಪಾಲ ದುರಂತವನ್ನು ಇಂಥ ಲೇಖನದಲ್ಲಿ ಉದಾಹರಿಸಲು ಅಳುಕಾಗುತ್ತದೆ. ಆದರೂ ಹೇಳದೆ ಬಿಡುವಂತಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೀಥೈಲ್ ಐಸೋಸಯನೇಟ್ ಎಂಬ ವಿಷಕಾರಿ ರಾಸಾಯನಿಕದ ಟ್ಯಾಂಕಿಗೆ ನೀರು ಸೇರಿದಾಗ, ಅದನ್ನು ತಣ್ಣಗಿಡಬೇಕಿದ್ದ ಶೀತಲ ಘಟಕ ತಿಂಗಳುಗಳಿಂದ ನಿಂತಿತ್ತು; ಹೊರಬರುವ ಅನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರದ ಕೊಳವೆಯನ್ನು ದುರಸ್ತಿಗಾಗಿ ಕಳಚಲಾಗಿತ್ತು. ನಿಮ್ಮ ಪಟ್ಟಿಯಲ್ಲಿ ಪ್ರತಿಯೊಂದು ರಕ್ಷಣೆಯ ಎದುರಿಗೂ ಅದು ಕೊನೆಯ ಬಾರಿ ಪರೀಕ್ಷೆಗೊಳಗಾದ ದಿನಾಂಕವನ್ನು ಬರೆಯಿರಿ. ಯಾವುದನ್ನಾದರೂ ಬಂದ್ ಮಾಡಿದ್ದರೆ ಯಾರು, ಏಕೆ, ಎಂದಿನವರೆಗೆ ಎಂಬುದೂ ಇರಲಿ. ಅದು ಮತ್ತೆ ಚಾಲೂ ಆಗುವವರೆಗೆ ಅದನ್ನೇ ನೆಚ್ಚಿಕೊಂಡ ಕೆಲಸವನ್ನೂ ನಿಲ್ಲಿಸಿ. ಈ ಕೊನೆಯ ಮಾತಿಗೆ ಮೇಲಧಿಕಾರಿಗಳು ಸುಲಭವಾಗಿ ಒಪ್ಪುವುದಿಲ್ಲ, ಆದರೆ ಪಟ್ಟು ಸಡಿಲಿಸಬಾರದ ಜಾಗ ಇದೇ.

ಇನ್ನು ಪಾಳಿ ಬದಲಾವಣೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ, ಪಂಪೊಂದರ ಸುರಕ್ಷಾ ಕವಾಟವನ್ನು ಬಿಚ್ಚಿಟ್ಟಿರುವ ಸಂಗತಿ ರಾತ್ರಿ ಪಾಳಿಯವರಿಗೆ ತಲುಪದೆ, ಅವರು ಅದೇ ಪಂಪನ್ನು ಚಾಲೂ ಮಾಡಿದರು; 167 ಮಂದಿ ಸತ್ತರು. ಅರ್ಧಕ್ಕೆ ನಿಂತ ಕೆಲಸವನ್ನು ಬಾಯಿಮಾತಿಗೆ ಬಿಡದೆ ಬರೆದಿಡಿ. ಕೆಲಸ ಅರ್ಧಕ್ಕೆ ನಿಂತಿರುವ ಸರ್ವರನ್ನು ಯಾರೂ ಚಾಲೂ ಮಾಡಲಾಗದಂತೆ ವ್ಯವಸ್ಥೆಯಲ್ಲಿಯೇ ಬೀಗ ಹಾಕಿ, ಅದನ್ನು ತೆಗೆಯುವ ಅಧಿಕಾರವನ್ನು ಕೆಲಸ ಆರಂಭಿಸಿದವರಿಗೆ ಅಥವಾ ಅವರಿಂದ ಲಿಖಿತವಾಗಿ ವಹಿಸಿಕೊಂಡವರಿಗೆ ಮಾತ್ರ ಕೊಡಿ.