ಬ್ಯಾಟರಿ ಬದಲಿಸಿದ್ದು ಒಂದು ಭಾನುವಾರ, ಉಳಿದದ್ದಕ್ಕೆ ಮೂರು ತಿಂಗಳು

ನಮ್ಮ ಗಾಡಿಯಲ್ಲಿ ರಾತ್ರಿ ಫ್ರಿಜ್ ನಿಂತರೆ ಮೊದಲು ಎಚ್ಚರವಾಗುವುದು ನನ್ನ ಹೆಂಡತಿಗೆ. ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ಪವನಾ ಡ್ಯಾಮ್ ದಂಡೆಯಲ್ಲಿ ಒಂದು ರಾತ್ರಿ ಎರಡೂವರೆಗೆ ನನ್ನನ್ನು ತಟ್ಟಿ ಎಬ್ಬಿಸಿದಳು. "ಹಾಲು ಕೆಡ್ತದ ನೋಡ್ರಿ." ಮೀಟರ್ ನೋಡಿದರೆ 11.4 ವೋಲ್ಟ್, ಬ್ಯಾಟರಿ ಖಾಲಿ. ಹಿಂದಿನ ದಿನವಷ್ಟೇ ಬಂದಿದ್ದೆವು.

ನಮ್ಮದು 2014ರ ಟೆಂಪೋ ಟ್ರಾವೆಲರ್. ಹಳೆಯದಾಗಿ ಕೊಂಡು, ಸೀಟು ತೆಗೆಸಿ, ಎರಡು ಮಂಚ, ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕು ಕೂರಿಸಿದ್ದೇವೆ. ಅದಕ್ಕೆ ಆರ್‌ಟಿಓ ಕಾಗದಪತ್ರ ಮಾಡಿಸಿದ್ದೇ ಬೇರೆ ಕಥೆ, ಇಲ್ಲಿ ಬೇಡ. ಮನೆ ಪುಣೆಯ ಚಿಂಚವಡದಲ್ಲಿ, ಊರು ಗದಗದ ಹತ್ತಿರ. ಊರಿಗೆ ಹೋಗಿ ಬರುವುದು, ಮಧ್ಯೆ ರಜೆ ಸಿಕ್ಕರೆ ಮುಳಶಿ, ತಾಮ್ಹಿಣಿ, ಭಂಡಾರದರಾ ಕಡೆ ಎರಡು ಮೂರು ರಾತ್ರಿ. ಕರೆಂಟ್ ಇರುವ ಜಾಗ ಹುಡುಕಿಕೊಂಡು ನಾವು ಹೋಗುವುದಿಲ್ಲ.

ಹಿಂದೆ ಇದ್ದದ್ದು 150 ಆಂಪಿಯರ್-ಅವರ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿ, ಮನೆಯ ಇನ್ವರ್ಟರಿಗೆ ಹಾಕುವಂಥವು. ಲೆಕ್ಕಕ್ಕೆ 300. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯಸ್ಸೂ ಇಳಿಯುತ್ತದೆ. ಅಲ್ಲಿಗೆ 150 ಉಳಿಯಿತು. ಇನ್ನೊಂದು ತೊಂದರೆ ನನಗೆ ತಡವಾಗಿ ಗೊತ್ತಾಯಿತು. ಅವು 80 ಪರ್ಸೆಂಟ್‌ವರೆಗೆ ಬೇಗ ತುಂಬುತ್ತವೆ, ಕೊನೆಯ 20ಕ್ಕೆ ಗಂಟೆಗಟ್ಟಲೆ ಕಾಯಿಸುತ್ತವೆ. ಸೋಲಾರ್‌ನಲ್ಲಿ ಆ ಕೊನೆಯ ಭಾಗ ಮುಗಿಯುವಷ್ಟರಲ್ಲಿ ಸಂಜೆ. ಪೂರ್ತಿ ತುಂಬದೆ ದಿನಗಟ್ಟಲೆ ಉಳಿದರೆ ಒಳಗಿನ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ನಮ್ಮದು ಎರಡನೇ ಜೋಡಿ, ಅದೂ ಹಾಗೇ ಸತ್ತಿತು.

ಲಿಥಿಯಂ ಹಾಕೋಣ ಎಂದಾಗ ಮನೆಯಲ್ಲಿ ಮೊದಲ ಪ್ರಶ್ನೆ, "ಅದು ಬೆಂಕಿ ಹತ್ತೂದಲ್ವಾ?" 2022ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೊ ಎಲ್ಲರೂ ನೋಡಿದ್ದರು. ಲಿಥಿಯಂನಲ್ಲಿ ಜಾತಿ ಬೇರೆ ಬೇರೆ. ನಾನು ಹಾಕಿದ್ದು ಲಿಥಿಯಂ ಐರನ್ ಫಾಸ್ಫೇಟ್. ಅದರಲ್ಲಿ ಕೋಬಾಲ್ಟ್ ಇಲ್ಲ, ಬಿಸಿ ತಡೆಯುವ ಶಕ್ತಿ ಜಾಸ್ತಿ. ಹಾಗಂತ ಅದು ಹೂವಲ್ಲ, ಶಾರ್ಟ್ ಆದರೆ ಪಾನಾ ಕರಗಿಸುತ್ತದೆ. ಈ ರಸಾಯನವನ್ನು 1997ರಲ್ಲಿ ಪ್ರಕಟಿಸಿದವರು ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರು ಓದಿ ನನಗೆ ಸುಮ್ನೆ ಒಂದು ಖುಷಿ.

ಭೋಸರಿಯಲ್ಲಿ ಗಾಡಿ ವೈರಿಂಗ್ ಮಾಡುವ ಕಾಕಾ ಒಬ್ಬರಿದ್ದಾರೆ, ವಿಜಯಪುರ ಕಡೆಯವರು. ಅವರಿಗೆ ಹೇಳಿದೆ. ಕೈ ಒರೆಸಿಕೊಳ್ಳುತ್ತ ಅಂದರು: "ಬ್ಯಾಟರಿ ಬದಲು ಮಾಡೂದು ಸರಳ ಅದ ಸಾಹೇಬ್ರ. ಅದಕ್ಕ ಉಣ್ಣಾಕ ಹಾಕೂ ಮಂದೀನ್ನೂ ಬದಲು ಮಾಡಬೇಕಾಗ್ತದ." ನಾನು ನಕ್ಕು ಬಂದುಬಿಟ್ಟೆ.

ರೆಡಿಮೇಡ್ ಪ್ಯಾಕ್ ಸಿಗುತ್ತದೆ. ನಾನು ಸೆಲ್ ತಂದು ಕಟ್ಟಿದೆ, ಕೆಟ್ಟರೆ ಒಂದನ್ನೇ ಬದಲಿಸಬಹುದು ಎಂಬ ಆಸೆಗೆ. 280 ಆಂಪಿಯರ್-ಅವರ್‌ನ ಚೌಕಾಕಾರದ ನಾಲ್ಕು ಸೆಲ್. ಒಂದೊಂದು 3.2 ವೋಲ್ಟ್, ಸಾಲಾಗಿ ಜೋಡಿಸಿದರೆ 12.8. ಒಟ್ಟು ಸುಮಾರು ಮೂರೂವರೆ ಯೂನಿಟ್ ಕರೆಂಟು ಹಿಡಿಯುತ್ತದೆ. ಬಂದ ಕೂಡಲೇ ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿದೆ. ಒಂದೊಂದೂ ಐದು ಕಿಲೋ ನಾನೂರು ಗ್ರಾಂ ಆಸುಪಾಸು, ಸರಿ ಇತ್ತು. ಆದರೆ ಒಂದು ಸೆಲ್ಲಿನ ಕ್ಯೂಆರ್ ಕೋಡ್ ಕೆರೆದು ಮತ್ತೆ ಅಚ್ಚು ಹಾಕಿದಂತೆ ಕಂಡಿತು.

ಮೊದಲು ನಾಲ್ಕನ್ನೂ ಒಂದೇ ಮಟ್ಟಕ್ಕೆ ತರಬೇಕು. ಸಾಲಾಗಿ ಜೋಡಿಸಿ ಬಹುತೇಕ ತುಂಬಿಸಿದೆ. ಆಮೇಲೆ ಬಿಚ್ಚಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ, ಬೆಂಚ್ ಪವರ್ ಸಪ್ಲೈನಿಂದ 3.65 ವೋಲ್ಟ್ ಕೊಟ್ಟೆ. ವೋಲ್ಟೇಜನ್ನು ಸೆಲ್‌ಗೆ ಜೋಡಿಸುವ ಮೊದಲೇ ಸೆಟ್ ಮಾಡಿಕೊಳ್ಳಿ. ಜೋಡಿಸಿದ ಮೇಲೆ ಡಿಸ್‌ಪ್ಲೇ ತೋರಿಸುವುದು ಸೆಲ್ಲಿನ ವೋಲ್ಟೇಜ್. ಅದನ್ನು ನೋಡಿ ಗುಬುಟು ತಿರುಗಿಸುತ್ತ ಹೋದರೆ ಸೆಲ್ ಊದಿಕೊಳ್ಳುವವರೆಗೆ ಗೊತ್ತಾಗುವುದಿಲ್ಲ. ಕರೆಂಟ್ ಸೊನ್ನೆ ಹತ್ತಿರ ಬರುವವರೆಗೆ ಪಕ್ಕದಲ್ಲೇ ಕೂತಿದ್ದೆ. ಉಂಗುರ ತೆಗೆದಿಟ್ಟು, ಪಾನಾಗೆ ಇನ್ಸುಲೇಷನ್ ಟೇಪ್ ಸುತ್ತಿ ಕೆಲಸ ಮಾಡಿದೆ. ಸೆಲ್ಲಿನ ಹೊರಕವಚ ಅಲ್ಯುಮಿನಿಯಂ, ನೀಲಿ ಪ್ಲಾಸ್ಟಿಕ್ ಹಾಳೆ ನಂಬುವಂಥದ್ದಲ್ಲ. ಅದಕ್ಕೇ ನಡುವೆ ಫೈಬರ್ ಹಾಳೆ ಇಟ್ಟೆ.

ಆಮೇಲೆ ಖಾಲಿ ಮಾಡಿ ನೋಡಿದೆ. ಇನ್ವರ್ಟರಿಗೆ 500 ವಾಟಿನ ಹ್ಯಾಲೊಜನ್ ದೀಪ ಹಾಕಿದರೆ ಸುಮಾರು 43 ಆಂಪಿಯರ್ ಎಳೆಯುತ್ತದೆ. ಆರೂವರೆ ಗಂಟೆ ಉರಿಯಬೇಕು. ಐದೂವರೆ ಗಂಟೆ ಆಗುತ್ತಿದ್ದಂತೆ ಆರಿತು. ಮೂರು ಸೆಲ್ 3 ವೋಲ್ಟ್‌ಗಿಂತ ಮೇಲೆ, ಅದೇ ಕ್ಯೂಆರ್ ಸೆಲ್ 2.5ಕ್ಕೆ ಕುಸಿದಿತ್ತು. ಸಾಲಿನಲ್ಲಿ ದುರ್ಬಲ ಸೆಲ್ ಖಾಲಿಯಾದರೆ ಬಿಎಂಎಸ್ (ಸೆಲ್ ಕಾಯುವ ಸರ್ಕ್ಯೂಟ್) ಎಲ್ಲವನ್ನೂ ಬಂದ್ ಮಾಡುತ್ತದೆ, ಮಾಡಲೇಬೇಕು. ಮಾರಿದವನು "ಬಳಸ್ತಾ ಬಳಸ್ತಾ ಸರಿಹೋಗುತ್ತೆ" ಎಂದ. ಸರಿಹೋಗುವುದಿಲ್ಲ. ಟೆಸ್ಟಿನ ಫೋಟೊ ಕಳಿಸಿ, ಎರಡು ವಾರ ಬೆನ್ನುಬಿದ್ದು ಬದಲಿ ಸೆಲ್ ತರಿಸಿಕೊಂಡೆ. ಎರಡನೇ ಸಲ 277 ಆಂಪಿಯರ್-ಅವರ್ ಬಂತು. ಈ ಟೆಸ್ಟ್ ಬಿಟ್ಟಿದ್ದರೆ ಕಾಡಿನ ನಡುವೆ ಗೊತ್ತಾಗುತ್ತಿತ್ತು.

ಗಾಡಿಗೆ ಕೂರಿಸಿದ್ದು ಒಂದು ಭಾನುವಾರ. ಹಳೆಯವೆರಡೂ ಸೇರಿ ನೂರು ಕಿಲೋಗಿಂತ ಜಾಸ್ತಿ. ಹೊಸದು ಪೆಟ್ಟಿಗೆ, ಬಿಎಂಎಸ್ ಎಲ್ಲ ಸೇರಿ ಮೂವತ್ತರ ಒಳಗೆ. ಗಾಡಿ ಹಗುರಾದದ್ದು ನನಗೆ ಅನುಭವಕ್ಕೆ ಬರಲಿಲ್ಲ, ಸೊಂಟಕ್ಕೆ ಬಂತು. ಸೀಸದ್ದರ ಹಾಗೆ ಹೈಡ್ರೋಜನ್ ಹೊರಬೀಳುವ ಭಯ ಇಲ್ಲವಾದ್ದರಿಂದ ಗಾಡಿಯೊಳಗೆ ಮಂಚದ ಕೆಳಗೇ ಇಟ್ಟೆ. ಪುಣೆಯಲ್ಲಿ ಇದಕ್ಕೆ ಚಳಿಯ ಚಿಂತೆ ಇಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂಬ ನಿಯಮ ನಮಗೆ ಓದಿ ಬಿಡುವುದಕ್ಕೆ. ಇಲ್ಲಿ ಶತ್ರು ಬಿಸಿ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ 50 ಡಿಗ್ರಿ ಸುಲಭವಾಗಿ ದಾಟುತ್ತದೆ. ಕಂಪ್ಯೂಟರಿನ ಸಣ್ಣ ಫ್ಯಾನಿಗೆ ಥರ್ಮೋಸ್ಟ್ಯಾಟ್ ಕಟ್ಟಿ 38ಕ್ಕೆ ತಿರುಗುವಂತೆ ಮಾಡಿದೆ.

ಸಂಜೆಗೆ ಎಲ್ಲ ಉರಿಯಿತು. ಕೆಲಸ ಮುಗಿಯಿತು ಎಂದುಕೊಂಡೆ.

ಮುಂದಿನ ಶನಿವಾರ, ಬ್ಯಾಟರಿ ಅರ್ಧ ಖಾಲಿ ಇದ್ದಾಗ, ಮುಳಶಿ ಕಡೆ ಹೊರಟೆವು. ಹಿಂಜವಡಿ ಹತ್ತಿರ ಟ್ರಾಫಿಕ್. ಮುಕ್ಕಾಲು ಗಂಟೆ ಗಾಡಿ ಇರುವೆಯಂತೆ ತೆವಳಿತು. ಬಾನೆಟ್ ಕಡೆಯಿಂದ ಸುಟ್ಟ ವಾಸನೆ. ಪಕ್ಕಕ್ಕೆ ನಿಲ್ಲಿಸಿ ಕ್ಲ್ಯಾಂಪ್ ಮೀಟರ್ ಹಾಕಿದರೆ, ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ 90 ಆಂಪಿಯರಿನ ಆಲ್ಟರ್ನೇಟರಿನಿಂದ ಮಂಚದ ಕೆಳಗಿನ ಬ್ಯಾಟರಿಗೇ 70ರ ಮೇಲೆ ಹರಿಯುತ್ತಿತ್ತು. ಮುಟ್ಟುವಂತೆ ಇರಲಿಲ್ಲ. ಗಾಬರಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ ನಡುವಿನ ಫ್ಯೂಸ್ ಕೀಳಲು ಹೋದೆ. ಅಷ್ಟರಲ್ಲಿ ಕಾಕಾಗೆ ಫೋನ್ ಹಚ್ಚಿದ್ದೆ. ಆ ಕಡೆಯಿಂದ ಕೂಗಿದರು: "ಏ, ಮೊದ್ಲ ಎಂಜಿನ್ ಬಂದ್ ಮಾಡ್ರೀ!"

ಆದದ್ದು ಇಷ್ಟು. ಮೊದಲು ಎಂಜಿನ್ ಬ್ಯಾಟರಿಗೂ ಫ್ರಿಜ್, ದೀಪದ ಈ ಬ್ಯಾಟರಿಗೂ ನಡುವೆ ಬರೀ ಒಂದು ರಿಲೇ ಇತ್ತು, ಎಂದರೆ ಎಂಜಿನ್ ಓಡುವಾಗ ಎರಡನ್ನೂ ಸೇರಿಸುವ ಸ್ವಿಚ್ಚು. ಸೀಸದ ಬ್ಯಾಟರಿ ತುಂಬುತ್ತ ತಾನೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಲಿಥಿಯಂನ ಒಳತಡೆ ತೀರಾ ಕಡಿಮೆ. ಕೊಟ್ಟಷ್ಟೂ ಕುಡಿಯುತ್ತದೆ, ಹೆಚ್ಚುಕಡಿಮೆ ಕೊನೆಯವರೆಗೂ. ಐಡಲ್‌ನಲ್ಲಿ ಆಲ್ಟರ್ನೇಟರಿನ ಫ್ಯಾನ್ ನಿಧಾನ ತಿರುಗುತ್ತದೆ, ತಂಪಾಗುವುದಿಲ್ಲ. ಹೈವೇಯಲ್ಲಿ ಬಚಾವಾಗುವುದು ಹಿಂಜವಡಿಯಲ್ಲಿ ಸುಡುತ್ತದೆ. ಇನ್ನು ತುಂಬು ಹೊರೆಯಲ್ಲಿರುವ ಆಲ್ಟರ್ನೇಟರಿನಿಂದ ಒಮ್ಮೆಲೇ ಬ್ಯಾಟರಿ ಕಿತ್ತರೆ ವೋಲ್ಟೇಜ್ ಚಿಮ್ಮಿ ಅದರ ಡಯೋಡ್‌ಗಳನ್ನು ತಿನ್ನಬಹುದು. ನಾನು ಕೈಯಿಂದ ಮಾಡಲು ಹೊರಟಿದ್ದನ್ನೇ ಬ್ಯಾಟರಿ ತುಂಬಿದಾಗ ಬಿಎಂಎಸ್ ತಾನಾಗಿ ಮಾಡಬಲ್ಲದು. ಕಾಕಾ ಹೇಳಿದ್ದ "ಉಣ್ಣಾಕ ಹಾಕೂ ಮಂದಿ" ಅಂದರೆ ಈ ಆಲ್ಟರ್ನೇಟರ್, ರಿಲೇಗಳೇ.

ರಿಲೇ ಕಿತ್ತು 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿದೆವು. ಬ್ಯಾಟರಿ ಎಷ್ಟೇ ಹಸಿದಿರಲಿ, ಅದು ಬಡಿಸುವುದು 30 ಮಾತ್ರ. ನಾಲ್ಕು ಗಂಟೆ ಓಡಿಸಿದರೆ 120 ಆಂಪಿಯರ್-ಅವರ್, ನಮಗೆ ಒಂದು ದಿನಕ್ಕಿಂತ ಜಾಸ್ತಿ ಊಟ.

ಅಲ್ಲೂ ಒಂದು ಎಡವಟ್ಟು. ಮುಂದಿನಿಂದ ಹಿಂದಕ್ಕೆ ಹಳೆಯ 6 ಚದರ ಮಿಲಿಮೀಟರ್ ವೈರನ್ನೇ ಬಳಸಿದೆ. ಚಾರ್ಜರ್ ಶುರುವಾಗುವುದು, ನಿಲ್ಲುವುದು, ಶುರುವಾಗುವುದು. ಹೋಗಿ ಬರುವ ಹತ್ತು ಮೀಟರ್ ವೈರಿನಲ್ಲಿ 35 ಆಂಪಿಯರ್ ಹರಿದರೆ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಎಂಜಿನ್ ನಿಂತಿದೆ ಎಂದುಕೊಂಡು ಚಾರ್ಜರ್ ಬಂದ್ ಆಗುತ್ತಿತ್ತು. ಬಂದ್ ಆದ ಕೂಡಲೇ ವೋಲ್ಟೇಜ್ ಏರಿ ಮತ್ತೆ ಶುರು. 16 ಚದರ ಮಿಲಿಮೀಟರ್ ಎಳೆದ ಮೇಲೆ ನಷ್ಟ 0.4ಕ್ಕೆ ಇಳಿಯಿತು, ಆಟ ನಿಂತಿತು. ಲಗ್‌ಗಳನ್ನು ಕಾಕಾ ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ ಒತ್ತಿದರು. ಸುತ್ತಿಗೆಯಲ್ಲಿ ಬಡಿದು ಕೂರಿಸುವವರೂ ಇದ್ದಾರೆ, ದಯವಿಟ್ಟು ಬೇಡ.

ಫ್ಯೂಸ್ ವಿಷಯದಲ್ಲಿ ನಾನು ಹಟ ಮಾಡಿದೆ. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಕಾರ್ ಸ್ಟೀರಿಯೊಗೆ ಹಾಕುವ ಫ್ಯೂಸ್ ಬೇಕಾದಷ್ಟು ಸಿಕ್ಕವು. ಆದರೆ ಲಿಥಿಯಂ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಸಾದಾ ಫ್ಯೂಸಿನ ತಂತಿ ಕರಗಿದರೂ ಅದರ ಮೇಲೆ ಕಿಡಿ ಹಾರುತ್ತ ಕರೆಂಟ್ ಮುಂದುವರಿಯಬಹುದು. ಅಂಥ ಶಾರ್ಟನ್ನೂ ಕಡಿದುಹಾಕುವ ಟಿ-ಕ್ಲಾಸ್ ಫ್ಯೂಸ್ ಬೇಕು. ಕೊರಿಯರ್‌ನಲ್ಲಿ ತರಿಸಿ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಹಾಕಿದೆ.

ಸೋಲಾರ್‌ಗೆ ಹೊಸ ಸಾಮಾನು ಬೇಕಾಗಲಿಲ್ಲ, ಸೆಟ್ಟಿಂಗ್ ಸಾಕಾಯಿತು. ಚಾವಣಿಯ ಮೇಲೆ 180 ವಾಟಿನ ಎರಡು ಪ್ಯಾನೆಲ್ ಇವೆ. ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಬಡಿಸುವ ಎಂಪಿಪಿಟಿ ಪೆಟ್ಟಿಗೆಯಲ್ಲಿ ಚಾರ್ಜ್ 14.2 ವೋಲ್ಟ್, ತುಂಬಿದ ಮೇಲಿನ ಫ್ಲೋಟ್ 13.5, ಆಗಾಗ ಹೆಚ್ಚು ವೋಲ್ಟೇಜ್ ಕೊಡುವ ಈಕ್ವಲೈಸೇಷನ್ ಬಂದ್, ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಬದಲಿಸುವುದೂ ಬಂದ್. ಇವೆರಡೂ ಸೀಸಕ್ಕೆ ಔಷಧಿ, ಲಿಥಿಯಂಗೆ ವಿಷ. ಹಳೆಯ ಇನ್ವರ್ಟರಿನ ಒಳಗಿನ ಚಾರ್ಜರ್ ಟ್ಯೂಬ್ಯುಲರ್‌ಗೆ ಮಾಡಿದ್ದು, ಅದಕ್ಕೆ ಮೇನ್ಸ್ ಕೊಡುವುದನ್ನೇ ನಿಲ್ಲಿಸಿದೆ.

ಮೀಟರ್ ಕಥೆ ಸಣ್ಣದು. ಹಿಂದೆ ಡ್ಯಾಶ್‌ಬೋರ್ಡ್ ಪಕ್ಕ "12.2 ಅಂದ್ರೆ ಅರ್ಧ" ಎಂದು ಚೀಟಿ ಅಂಟಿಸಿದ್ದೆ. ಲಿಥಿಯಂ 90 ಪರ್ಸೆಂಟ್‌ನಲ್ಲಿ 13.3, 20ರಲ್ಲಿ 12.9. ಅದರಲ್ಲಿ ಏನು ಓದುವುದು? ಶಂಟ್ (ಹರಿಯುವ ಕರೆಂಟ್ ಅಳೆಯುವ ತುಂಡು) ಹಾಕಿದ ಮೀಟರ್ ಬೇಕು, ಒಳಗೆ ಹೋದದ್ದು ಹೊರಗೆ ಬಂದದ್ದು ಎಣಿಸಲು. ನಾನು ಸೋಲಾರಿನ ಮೈನಸ್ಸನ್ನು ಶಂಟ್ ತಪ್ಪಿಸಿ ನೇರ ಬ್ಯಾಟರಿಗೆ ಕಟ್ಟಿಬಿಟ್ಟಿದ್ದೆ. ಎರಡು ವಾರ ಮೀಟರಿನ ಲೆಕ್ಕದಲ್ಲಿ ಸೂರ್ಯ ಹುಟ್ಟಲೇ ಇಲ್ಲ.

ದುಡ್ಡಿನ ಮಾತು ಕೇಳುವವರು ಜಾಸ್ತಿ. ಸೆಲ್‌ಗಳಿಗೆ ಕೊಟ್ಟಷ್ಟಕ್ಕಿಂತ ಬಿಎಂಎಸ್, ಡಿಸಿ-ಡಿಸಿ, ಶಂಟ್, ಫ್ಯೂಸ್, ತಾಮ್ರದ ವೈರು ಇವಕ್ಕೆ ಕೊಟ್ಟದ್ದೇ ಹೆಚ್ಚು. ಹಳೆಯ ಬ್ಯಾಟರಿಗಳು ಸೀಸದ ತೂಕಕ್ಕೆ ಹೋದವು, ಆ ದುಡ್ಡು ವೈರಿಗಾಯಿತು. ಎರಡು ತಿಂಗಳಿಗೊಮ್ಮೆ ಹೊರಗೆ ಹೋಗುವವರಿಗೆ, ಅದೂ ಒಂದೇ ರಾತ್ರಿಗೆ, ಟ್ಯೂಬ್ಯುಲರ್ ಸಾಕು ಎಂದೇ ನಾನು ಹೇಳುತ್ತೇನೆ.

ನಿಜವಾದ ಪರೀಕ್ಷೆ ಜೂನ್ ಮೊದಲ ವಾರ, ಭಂಡಾರದರಾದಲ್ಲಿ. ಮಿಂಚುಹುಳ ನೋಡಲು ಹೋಗಿದ್ದೆವು. ಮೂರೂ ದಿನ ಮೋಡ. ಸೋಲಾರ್ ದಿನಕ್ಕೆ 30 ಆಂಪಿಯರ್-ಅವರ್ ಕೊಟ್ಟರೆ ದೊಡ್ಡದು. ಫ್ರಿಜ್, ಫ್ಯಾನ್, ದೀಪ, ಪಂಪು, ನನ್ನ ಲ್ಯಾಪ್‌ಟಾಪ್ ಸೇರಿ ದಿನದ ಖರ್ಚು 88 ಆಸುಪಾಸು. ತುಂಬಿಸಿಕೊಂಡು ಹೋಗಿದ್ದೆವು. ನಾಲ್ಕನೇ ಬೆಳಗ್ಗೆ ಮೀಟರ್ 37 ಪರ್ಸೆಂಟ್ ತೋರಿಸಿತು. ಫ್ರಿಜ್ ಒಂದು ರಾತ್ರಿಯೂ ನಿಲ್ಲಲಿಲ್ಲ.

ಹೆಂಡತಿ ಮಿಕ್ಸಿಯಲ್ಲಿ ಶೇಂಗಾ ಚಟ್ನಿ ತಿರುವುತ್ತ ಕೇಳಿದಳು, "ಇಷ್ಟೆಲ್ಲಾ ಉಳದದ ಅಂದ್ರ ಇಂಡಕ್ಷನ್ ಒಲಿ ಹಚ್ಚಬಹುದಲ್ರೀ?"

ನಾನು ಲೆಕ್ಕ ಹೇಳಿದೆ. ಇರುವುದು 1000 ವಾಟಿನ ಇನ್ವರ್ಟರ್, 100 ಆಂಪಿಯರಿನ ಬಿಎಂಎಸ್. 2000 ವಾಟ್ ಒಲೆ ಅಂದರೆ ಬ್ಯಾಟರಿಯಿಂದ 170 ಆಂಪಿಯರ್. ಇನ್ವರ್ಟರ್, ಬಿಎಂಎಸ್, ಫ್ಯೂಸ್, ವೈರು ಎಲ್ಲ ಮತ್ತೆ ಬದಲಿಸಬೇಕು.

"ಮತ್ತ ಮೂರು ತಿಂಗಳಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಗ್ಯಾಸೇ ಇರ್ಲಿ ಬಿಡ್ರಿ."